ಗುಡ್ಡ ಜರಿಯುವ ಮುನ್ನ ಹೇಳುವವರು ಯಾರು?

ಪುಷ್ಯ ಮಳೆ ಹಿಡಿಯಿತೆಂದರೆ ಮೂಡಿಗೆರೆ, ಕಳಸದ ಕಡೆಯಿಂದ ಮೂರು ಸುದ್ದಿ ಬರುವುದು ವಾಡಿಕೆ. ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹರಿದಳು, ಹೊರನಾಡಿಗೆ ಹೋಗುವವರು ಸುತ್ತು ಹಾಕಿ ಹೋಗಬೇಕು. ಚಾರ್ಮಾಡಿಯಲ್ಲಿ ಧರೆ ಜರಿಯಿತು, ಬಸ್ಸು ಲಾರಿ ಸಾಲುಗಟ್ಟಿ ನಿಂತಿವೆ. ಮಲೆನಾಡಿನ ತಾಲ್ಲೂಕುಗಳ ಶಾಲೆಗೆ ರಜೆ. ನಾಲ್ಕನೆಯದೊಂದು ಸುದ್ದಿ ಬರಬೇಕಿತ್ತು: ಇವತ್ತು ರಾತ್ರಿ ಯಾವ ಗುಡ್ಡ ಇಳಿಯಬಹುದು, ಅದರ ಬುಡದ ಮನೆಯವರು ಎಲ್ಲಿ ಮಲಗಬೇಕು ಎಂಬುದು. ಅದು ಮಾತ್ರ ಗುಡ್ಡ ಇಳಿದ ಮೇಲೆ ಬರುತ್ತದೆ. ಬಂದಾಗ ಮಂತ್ರಿಗಳ ಪ್ರವಾಸ ಪಟ್ಟಿಯೂ ಜೊತೆಗೇ ಬರುತ್ತದೆ.

2019ರ ಆಗಸ್ಟ್ ಎರಡನೇ ವಾರವನ್ನು ಮೂಡಿಗೆರೆ ತಾಲ್ಲೂಕು ಮರೆತಿಲ್ಲ. ಆಗ ನಡೆಯುತ್ತಿದ್ದದ್ದು ಆಶ್ಲೇಷಾ ಮಳೆ. 'ಆಶ್ಲೇಷಾ ಮಳೆ, ಈಸಲಾರದ ಹೊಳೆ' ಎಂದು ಹಿರಿಯರು ಹೇಳಿದ್ದು ಹೊಳೆಯ ವಿಚಾರ. ಆ ವಾರ ಗುಡ್ಡಗಳೂ ಹೊಳೆಯಂತೆ ಹರಿದವು. ಮಲೆಮನೆ, ಮಧುಗುಂಡಿ, ಆಲೇಖಾನ್ ಹೊರಟ್ಟಿ ಎಂಬ ಹೆಸರುಗಳನ್ನು ಅದುವರೆಗೆ ಕೇಳಿರದ ಬೆಂಗಳೂರಿನವರೂ ಕೇಳಿದರು. ಮನೆ ಹೋಯಿತು, ತೋಟ ಹೋಯಿತು, ಗದ್ದೆಯ ಮೇಲೆ ಆಳೆತ್ತರದ ಮಣ್ಣು, ಕಲ್ಲು, ಬೇರು ಸಮೇತ ಬಂದ ಮರ. ಚಾರ್ಮಾಡಿ ಘಾಟಿ ಮುಚ್ಚಿತು. ಸಿಕ್ಕಿಹಾಕಿಕೊಂಡವರನ್ನು ಕರೆತರಲು ಸೈನ್ಯ ಬರಬೇಕಾಯಿತು. ಮನೆ ಬಿಟ್ಟು ಬಂದವರನ್ನು ಕೂರಿಸಿದ ಜಾಗಕ್ಕೆ ಮೊದಲಾಗಿದ್ದರೆ ಗಂಜಿ ಕೇಂದ್ರ ಎನ್ನುತ್ತಿದ್ದರು, ಈಗ ಕಾಳಜಿ ಕೇಂದ್ರ ಎನ್ನುತ್ತಾರೆ. ಹೆಸರು ಸುಧಾರಿಸಿದೆ.

ಗುಡ್ಡ ಇಳಿಯುವ ಅಪಾಯವನ್ನು ಮೊದಲೇ ಓದುವುದು ಸಾಧ್ಯವೇ ಎಂದು ಕೇಳಿದರೆ ನಮ್ಮ ಕಡೆ 'ದೇವರಿಗೇ ಗೊತ್ತು' ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಿಮದ ಗುಡ್ಡಗಳ ದೇಶದಲ್ಲಿ ಈ ಉತ್ತರ ನಡೆಯುವುದಿಲ್ಲ. ಅಲ್ಲಿ ಹಿಮಪಾತದ ಅಪಾಯ ಇಂದು ಎಷ್ಟು ಎಂಬುದನ್ನು ಚಳಿಗಾಲದ ಪ್ರತಿದಿನ ಹೇಳುತ್ತಾರೆ.

ಹಿಮಪಾತಕ್ಕೂ ಕಾಫಿ ಸೀಮೆಗೂ ಏನು ಸಂಬಂಧ ಎಂದು ಮೂಗೆಳೆಯಬೇಡಿ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಬಿದ್ದು ಹತ್ತು ಯೋಧರು ಹೂತುಹೋದಾಗ, ಅವರಲ್ಲಿ ಮೂವರು ಕನ್ನಡಿಗರಾಗಿದ್ದರು. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಪಕ್ಕದ ಹಾಸನ ತಾಲ್ಲೂಕು ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ. ಆರು ದಿನದ ನಂತರ ಹನುಮಂತಪ್ಪ ಉಸಿರಾಡುತ್ತಾ ಸಿಕ್ಕಿದ್ದು, ಫೆಬ್ರವರಿ 11ಕ್ಕೆ ದೆಹಲಿಯಲ್ಲಿ ತೀರಿಕೊಂಡದ್ದು ನಾಡಿಗೆಲ್ಲ ಗೊತ್ತು. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಪರ್ವತಾರೋಹಣ ಕಲಿಯಲು ಹೋಗಿದ್ದ ತಂಡ ಹಿಮದಡಿ ಸಿಕ್ಕಿತು. ಅಲ್ಲಿಯೂ ಕರ್ನಾಟಕದ ಹುಡುಗರಿದ್ದರು. 2024ರ ಜೂನ್‌ನಲ್ಲಿ ಸಹಸ್ರತಾಲ್ ಚಾರಣಕ್ಕೆ ಹೋದ 22 ಜನರ ತಂಡದಲ್ಲಿ ಒಂಬತ್ತು ಮಂದಿ ತೀರಿಕೊಂಡರು. ಅದು ಹಿಮಪಾತವಲ್ಲ, ಬಿರುಗಾಳಿ ಮತ್ತು ಚಳಿ. ಆದರೂ ಬೆಟ್ಟದ ಮೇಲಿನ ಹವೆಯನ್ನು ಓದುವ ಪ್ರಶ್ನೆಯೇ.

ಹಿಮ ಹೇಗೆ ಜಾರುತ್ತದೆ ಎಂದು ತಿಳಿದರೆ ನಮ್ಮ ಮಣ್ಣು ಹೇಗೆ ಜಾರುತ್ತದೆ ಎಂಬುದು ಅರ್ಧ ತಿಳಿದ ಹಾಗೆ. ಇಳಿಜಾರಿನಲ್ಲಿ ಹಿಮ ಒಂದೇ ಸಲ ಬಿದ್ದ ಹಿಮವಾಗಿರುವುದಿಲ್ಲ, ದೋಸೆ ಮೇಲೆ ದೋಸೆ ಪೇರಿಸಿದ ಹಾಗೆ ಪದರ ಪದರವಾಗಿ ಕೂತಿರುತ್ತದೆ. ನಡುವೆ ಎಲ್ಲೋ ಒಂದು ಪದರ ಸಕ್ಕರೆಯಂತೆ ಉದುರುದುರಾಗಿ, ಅಂಟು ಕಳೆದುಕೊಂಡಿರುತ್ತದೆ. ಅದರ ಮೇಲೆ ಹೊಸ ಹಿಮ ಒಂದೇ ರಾತ್ರಿ ಮೂರಡಿ ಬಿದ್ದರೆ ಭಾರ ತಡೆಯದು. ಆಗ ಒಬ್ಬ ಮನುಷ್ಯ ಕಾಲಿಟ್ಟರೂ ಸಾಕು, ಇಡೀ ಹಾಸು ಒಡೆದು ಕೆಳಗೆ ಬರುತ್ತದೆ. ಬಹುಪಾಲು ಅಪಾಯ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕಿಂತ ಕಡಿದಾದಲ್ಲಿ ಹಿಮ ನಿಲ್ಲುವುದೇ ಕಷ್ಟ, ಕಡಿಮೆ ಇದ್ದಲ್ಲಿ ಜಾರುವುದು ಕಷ್ಟ.

ಮಲೆನಾಡಿನ ಗುಡ್ಡವೂ ಪದರವೇ. ಮೇಲೆ ಹುಲ್ಲು, ಬೇರು, ಕಪ್ಪು ಮಣ್ಣು. ಅದರ ಕೆಳಗೆ ಕೆಂಪು ಜಂಬಿಟ್ಟಿಗೆ ಮಣ್ಣು, ಅದು ನೀರನ್ನು ಸಲೀಸಾಗಿ ಕುಡಿಯುತ್ತದೆ. ಇನ್ನೂ ಕೆಳಗೆ ಬಾವಿ ತೋಡುವವರಿಗೆಲ್ಲ ಗೊತ್ತಿರುವ ನುಣುಪಾದ ಜೇಡಿ. ಒದ್ದೆಯಾದಾಗ ಸೋಪಿನ ಹಾಗೆ. ಅದರ ಕೆಳಗೆ ಬಂಡೆ. ಜೂನ್, ಜುಲೈ ಎರಡು ತಿಂಗಳು ಹುಯ್ದ ಮಳೆಯಲ್ಲಿ ಮೇಲಿನ ಮಣ್ಣು ತುಂಬಿ ಕೂತಿರುತ್ತದೆ. ಜೇಡಿಯ ಮೇಲೆ ನಿಂತ ನೀರಿಗೆ ಹೋಗಲು ದಾರಿಯಿಲ್ಲ. ಅದು ಒಳಗಿನಿಂದ ಮೇಲಿನ ಮಣ್ಣನ್ನು ಎತ್ತಲು ನೋಡುತ್ತದೆ, ಮಣ್ಣಿನ ಕಣಗಳ ಹಿಡಿತ ಸಡಿಲವಾಗುತ್ತದೆ. ಆಗ ಬರುವ ಎರಡು ದಿನದ ಎಡೆಬಿಡದ ಮಳೆ, ಹಿಮದ ಮೇಲೆ ಬಿದ್ದ ಹೊಸ ಹಿಮದ ಕೆಲಸವನ್ನೇ ಮಾಡುತ್ತದೆ. ಅದಕ್ಕೇ ಆರಿದ್ರಾ ಮಳೆಯಲ್ಲಿ ತಡೆದುಕೊಂಡ ಗುಡ್ಡ ಅಷ್ಟೇ ಇಂಚು ಮಳೆಗೆ ಆಶ್ಲೇಷಾದಲ್ಲಿ ಬೀಳುತ್ತದೆ. ಕೊಡಗಿನಲ್ಲಿ ಗುಡ್ಡ ಕರಗಿದ್ದು 2018ರ ಆಗಸ್ಟ್ ಮಧ್ಯದಲ್ಲಿ. ತಲಕಾವೇರಿಯ ಗಜಗಿರಿ ಜರಿದದ್ದು 2020ರ ಆಗಸ್ಟ್ ಮೊದಲ ವಾರ. ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಹೋದದ್ದು 2024ರ ಜುಲೈ 30ರ ನಸುಕಿನಲ್ಲಿ. ಪಂಚಾಂಗ ತೆಗೆದು ನೋಡಿ, ಎಲ್ಲವೂ ಪುಷ್ಯ, ಆಶ್ಲೇಷಾ, ಬಹಳವೆಂದರೆ ಮಘೆಯ ಬಾಗಿಲು.

ಗುಡ್ಡ ಸುಮ್ಮನೆ ಬೀಳುವುದೂ ಇಲ್ಲ. ಹಿಮದಲ್ಲಿ ಅನುಭವಸ್ಥರು ಕಾಲಡಿ 'ಧುಪ್' ಎಂಬ ಸದ್ದು ಕೇಳಿದರೆ, ಹಾಸಿನಲ್ಲಿ ಬಿರುಕು ಓಡಿದರೆ ಹಿಂದಕ್ಕೆ ಬರುತ್ತಾರೆ. ಇಲ್ಲಿಯ ತೋಟದ ಹಳೆ ಆಳುಗಳಿಗೂ ಲಕ್ಷಣ ಗೊತ್ತು. ಯಾವತ್ತೂ ಜಲ ಏಳದ ಜಾಗದಲ್ಲಿ ಜಲ ಏಳುವುದು. ತಿಳಿಯಾಗಿದ್ದ ಒರತೆ ಕೆಂಪಾಗುವುದು. ನೆಟ್ಟಗಿದ್ದ ಸಿಲ್ವರ್ ಮರ ಒಂದೇ ದಿಕ್ಕಿಗೆ ವಾಲುವುದು. ಕಳೆದ ವಾರ ಸಲೀಸಾಗಿ ಹಾಕುತ್ತಿದ್ದ ಬಾಗಿಲು ಬಿಗಿಯಾಗುವುದು, ಗೋಡೆಯಲ್ಲಿ ಓರೆ ಬಿರುಕು. ಎಲ್ಲಕ್ಕಿಂತ ಕೆಟ್ಟದ್ದು, ಭೋರ್ಗರೆಯುತ್ತಿದ್ದ ಹಳ್ಳ ಮಳೆ ನಿಲ್ಲದೆಯೇ ತೆಳ್ಳಗಾಗುವುದು. ಮೇಲೆಲ್ಲೋ ಮಣ್ಣು ಬಿದ್ದು ಕಟ್ಟೆ ಕಟ್ಟಿದೆ ಎಂದರ್ಥ. ಅದು ಒಡೆದಾಗ ಹಳ್ಳದ ಇಕ್ಕೆಲದಲ್ಲಿ ಏನೂ ಉಳಿಯುವುದಿಲ್ಲ. 'ನೀರು ಕಮ್ಮಿಯಾಯ್ತಲ್ಲ ಮಾರಾಯ್ರೇ, ಬದುಕಿದ್ವಿ' ಎಂದು ಮನೆಗೆ ವಾಪಸು ಹೋಗುವ ಹೊತ್ತು ಅದಲ್ಲ.

ಹಿಮಕ್ಕೂ ಮಣ್ಣಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಹಿಮವನ್ನು ಒಡೆಯುವವನು ಅದೇ ಹೊತ್ತಿಗೆ ಅದರ ಮೇಲೆ ಹೋದವನು, ತಾನೇ ಸಿಕ್ಕಿಕೊಳ್ಳುತ್ತಾನೆ. ಇಲ್ಲಿ ಹಾಗಲ್ಲ. ಜನವರಿಯ ಬಿಸಿಲಲ್ಲಿ ಜೆಸಿಬಿ ಗುಡ್ಡದ ಬುಡ ಕೆರೆಯುತ್ತದೆ. ರಸ್ತೆ ಅಗಲವಾಗುತ್ತದೆ, ಹೋಂಸ್ಟೇಗೆ ಮಟ್ಟಸ ಜಾಗ ಸಿಗುತ್ತದೆ, ಹಿಂದೆ ಮೂವತ್ತು ಅಡಿ ನೆಟ್ಟಗಿನ ಧರೆ ನಿಲ್ಲುತ್ತದೆ. ಬೇಸಗೆಯಲ್ಲಿ ಅದು ಕಲ್ಲಿನ ಗೋಡೆಯಂತೆ ಕಾಣುತ್ತದೆ, ಮುಂದೆ ನಿಂತು ಫೋಟೋನೂ ತೆಗೆಸಿಕೊಳ್ಳುತ್ತಾರೆ. ಜೆಸಿಬಿಯವನು ಬಾಡಿಗೆ ತಗೊಂಡು ಹೋದ. ಧರೆ ಬೀಳುವುದು ಆಗಸ್ಟ್‌ನಲ್ಲಿ, ಬೀಳುವುದು ಕೂಲಿಲೈನಿನ ಮೇಲೋ ದಾರಿಹೋಕರ ಮೇಲೋ. 2018ರ ಕೊಡಗಿನ ದುರಂತದ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದವರು ಓಡಾಡಿ ನೋಡಿ ಬೊಟ್ಟು ಮಾಡಿದ್ದು ಇದನ್ನೇ, ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದನ್ನು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಗಂಗಾವಳಿ ಹೊಳೆವರೆಗೆ ಜಾರಿದಾಗಲೂ ಚರ್ಚೆಗೆ ಬಂದದ್ದು ರಸ್ತೆಗಾಗಿ ಕಡಿದ ಬುಡವೇ.

ಹಾಗೆಂದು ಎಲ್ಲ ತಪ್ಪನ್ನೂ ರೆಸಾರ್ಟಿನವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭದ ದಾರಿ. 2019ರಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಕಾಡಿನ ನಡುವೆ, ಯಾರೂ ಗುದ್ದಲಿ ಹಾಕದ ಇಳಿಜಾರುಗಳೂ ಬಿದ್ದವು. ಚಾರ್ಮಾಡಿಯ ಮೇಲಿನ ಶೋಲಾ ಹುಲ್ಲುಗಾವಲಿನ ನೆತ್ತಿಯಲ್ಲೇ ಕೆಂಪು ಗೀರು ಎದ್ದದ್ದು ದಾರಿಯಿಂದಲೇ ಕಾಣುತ್ತಿತ್ತು. ತೋಟಗಾರರ ಒಳ್ಳೆ ಉದ್ದೇಶದ ಕೆಲಸವೂ ಕೆಲವು ಕಡೆ ತಿರುಗಿ ಬೀಳುತ್ತದೆ. ಕಾಫಿ ಗಿಡದ ಸಾಲಿನಲ್ಲಿ ತೊಟ್ಟಿಲು ಗುಂಡಿ ತೆಗೆಯುವುದು ಹಳೆಯ ಪದ್ಧತಿ, ಮಣ್ಣು ಕೊಚ್ಚದಂತೆ ನೀರು ಇಂಗಲಿ ಎಂದು. ಸಾಧಾರಣ ಇಳಿಜಾರಿನಲ್ಲಿ ಅದು ಪುಣ್ಯದ ಕೆಲಸ. ಬಿರುಕು ಬಿಟ್ಟ, ಜೇಡಿ ಮೇಲೆ ಕೂತ ಕಡಿದಾದ ಗುಡ್ಡದಲ್ಲಿ ನೀರು ಇಂಗಿಸುವುದೆಂದರೆ ಜಾರುಬಂಡೆಗೆ ಎಣ್ಣೆ ಹಾಕಿದ ಹಾಗೆ. ಅಲ್ಲಿ ನೀರನ್ನು ಕಪ್ಪು ತೆಗೆದು ಹೊರಗೆ ಹರಿಯಬಿಡಬೇಕು. ಯಾವ ಗುಡ್ಡಕ್ಕೆ ಯಾವುದು ಎಂದು ಹೇಳಬೇಕಾದವರು ಬಂದು ನೋಡಿ ಹೇಳಬೇಕಲ್ಲ?

ಈಗ ಇರುವ ಎಚ್ಚರಿಕೆಯ ವ್ಯವಸ್ಥೆ ನೋಡಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4 ದಾಟಿದರೆ ವಿಪರೀತ. ಅದಕ್ಕೆ ತಕ್ಕಂತೆ ಹಳದಿ, ಆರೆಂಜ್, ಕೆಂಪು ಬಣ್ಣ. ಬಣ್ಣ ಬಳಿಯುವುದು ಇಡೀ ಜಿಲ್ಲೆಗೆ. ಚಿಕ್ಕಮಗಳೂರು ಜಿಲ್ಲೆ ಎಂದರೆ ಇತ್ತ ಕಡೂರು, ಅತ್ತ ಕಳಸ. ಕಡೂರಿನವನು ವರ್ಷಕ್ಕೆ ಕಾಣುವುದು ಸುಮಾರು 25 ಇಂಚು ಮಳೆ. ಕೊಟ್ಟಿಗೆಹಾರದಲ್ಲಿ ನೂರು ಇಂಚು ದಾಟಿದರೂ ಯಾರೂ ಹುಬ್ಬೇರಿಸುವುದಿಲ್ಲ. ಆರೆಂಜ್ ಅಲರ್ಟ್ ಎಂದು ಟಿವಿಯಲ್ಲಿ ಬಂದರೆ ಕಡೂರಿನ ತೆಂಗಿನ ತೋಟದವನು ಆಕಾಶ ನೋಡಿ ನಗುತ್ತಾನೆ. ಬಾಳೂರಿನವನು 'ಇದು ದಿನಾ ಇರೋದೇ' ಎಂದು ಕಂಬಳಿ ಕೊಪ್ಪೆ ಹಾಕಿಕೊಂಡು ತೋಟಕ್ಕೆ ಹೋಗುತ್ತಾನೆ. ಇಬ್ಬರಿಗೂ ಉಪಯೋಗಕ್ಕೆ ಬಾರದ ಎಚ್ಚರಿಕೆ. ಅದೂ ಅಲ್ಲದೆ ಆ ಬಣ್ಣ ಹೇಳುವುದು ನಾಳೆ ಬೀಳುವ ಮಳೆಯನ್ನು. ಗುಡ್ಡದ ಹೊಟ್ಟೆಯಲ್ಲಿ ಈಗಾಗಲೇ ಎಷ್ಟು ನೀರಿದೆ ಎಂಬ ಲೆಕ್ಕ ಅದರಲ್ಲಿಲ್ಲ.

ಸ್ವಿಟ್ಜರ್ಲೆಂಡಿನ ದಾವೋಸ್ ಎಂಬ ಊರಿನಲ್ಲಿರುವ ಹಿಮ ಸಂಶೋಧನಾ ಸಂಸ್ಥೆ 1945ರಿಂದ ಹಿಮಪಾತದ ಮುನ್ಸೂಚನೆ ಕೊಡುತ್ತಾ ಬಂದಿದೆ. ಅದಕ್ಕೆ ಉಪಗ್ರಹ, ಯಂತ್ರ ಎಲ್ಲ ಇದೆ. ಆದರೆ ಬೆನ್ನೆಲುಬು ಬೇರೆಯೇ: ಬೆಟ್ಟದ ಹಳ್ಳಿಗಳಲ್ಲಿ ವಾಸವಿರುವ ಇನ್ನೂರರಷ್ಟು ವೀಕ್ಷಕರು. ಬೆಳಿಗ್ಗೆ ಎದ್ದು ರಾತ್ರಿ ಎಷ್ಟು ಹಿಮ ಬಿತ್ತು ಎಂದು ಕೋಲಿನಲ್ಲಿ ಅಳೆದು, ಎದುರು ಗುಡ್ಡದಲ್ಲಿ ಏನು ಕಂಡಿತು ಎಂದು ತಿಳಿಸುವ ಸಾಧಾರಣ ಜನ. ಆಗಾಗ ಹಿಮದಲ್ಲಿ ಗುಂಡಿ ತೋಡಿ ಪದರಗಳನ್ನು ನೋಡುವುದೂ ಉಂಟು. ಇದೆಲ್ಲ ಸೇರಿ ಐದು ಹಂತದ ಅಪಾಯದ ಅಂಕಿ ಹೊರಡುತ್ತದೆ, ಕಣಿವೆ ಕಣಿವೆಗೆ ಬೇರೆ ಬೇರೆ. ನಮ್ಮ ದೇಶದಲ್ಲೂ ಸೈನ್ಯದ ಸಲುವಾಗಿ 1969ರಲ್ಲೇ ಮನಾಲಿಯಲ್ಲಿ ಹಿಮಪಾತ ಅಧ್ಯಯನ ಸಂಸ್ಥೆ ಹುಟ್ಟಿತು. 2020ರಲ್ಲಿ ಅದನ್ನು ಇನ್ನೊಂದು ರಕ್ಷಣಾ ಪ್ರಯೋಗಾಲಯದ ಜೊತೆ ಸೇರಿಸಿ ಹೊಸ ಹೆಸರಿಟ್ಟರು.

ಇನ್ನೂರು ಜನ ಅಳೆಯುವವರು ಎಲ್ಲಿ ಸಿಗುತ್ತಾರೆ ಎಂದು ಮೂಡಿಗೆರೆಯವರು ಕೇಳುವಂತಿಲ್ಲ. ಈ ಸೀಮೆಯಷ್ಟು ಮಳೆ ಅಳೆಯುವ ಸೀಮೆ ಇನ್ನೊಂದಿಲ್ಲ ಎಂದರೂ ನಡೆದೀತು. ಸ್ವಲ್ಪ ದೊಡ್ಡ ಎಸ್ಟೇಟ್ ಎಂದರೆ ಅಂಗಳದಲ್ಲಿ ಮಳೆ ಮಾಪಕ ಇರುತ್ತದೆ, ರೈಟರು ಬೆಳಿಗ್ಗೆ ಸುರಿದು ಅಳೆದು ರಿಜಿಸ್ಟರಿನಲ್ಲಿ ಬರೆಯುತ್ತಾನೆ. ಇಂಚು, ಸೆಂಟುಗಳಲ್ಲಿ. ಮದುವೆ ಮನೆಯಲ್ಲಿ ಇಬ್ಬರು ಬೆಳೆಗಾರರು ಸಿಕ್ಕರೆ ಮೊದಲ ಮಾತು 'ನಿಮ್ಮಲ್ಲಿ ಎಷ್ಟು ಸೆಂಟ್ ಆಯ್ತು?' ಎಂಬುದೇ. ಹೂಮಳೆ ಎಂದು ಬಿತ್ತು, ಎಷ್ಟು ಬಿತ್ತು ಎಂಬುದಕ್ಕೆ ಅಜ್ಜನ ಕಾಲದ ಲೆಕ್ಕ ತೋರಿಸುವ ಮನೆಗಳಿವೆ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರವಿದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನೇ ಅಳೆದು ಕಳಿಸುವ ಮಾಪಕಗಳನ್ನು ನಿಲ್ಲಿಸಿದೆ, 'ವರುಣಮಿತ್ರ' ಎಂಬ ಫೋನು ಸೇವೆಯನ್ನೂ ನಡೆಸಿದೆ. ಅಂಕಿ ಬೇಕಾದಷ್ಟಿದೆ. ಯಾವ ಊರಿನಲ್ಲಿ ಮೂರು ದಿನದಲ್ಲಿ ಎಷ್ಟು ಇಂಚು ದಾಟಿದಾಗ ಯಾವ ಗುಡ್ಡ ಜರಿದಿತ್ತು ಎಂದು ಈ ರಿಜಿಸ್ಟರುಗಳನ್ನು ಹರಡಿಕೊಂಡು ತಾಳೆ ಹಾಕುವ ಕೆಲಸ ಮಾತ್ರ ಯಾರ ಮೇಜಿನದೂ ಅಲ್ಲ.

ವಯನಾಡಿನಲ್ಲಿ ಆ ಕೆಲಸ ಮಾಡಿದವರಿದ್ದರು. ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಣ್ಣ ಖಾಸಗಿ ಸಂಸ್ಥೆ ಜಿಲ್ಲೆಯಲ್ಲಿ ಇನ್ನೂರರಷ್ಟು ಕಡೆ ಮಳೆ ಅಳತೆಯ ಜಾಲ ಕಟ್ಟಿತ್ತು. ಮೂಡಿಗೆರೆಯಲ್ಲಿ ಗುಡ್ಡ ಇಳಿದ ಅದೇ 2019ರ ಆಗಸ್ಟ್ ವಾರದಲ್ಲಿ ಅಲ್ಲಿ ಪುತ್ತುಮಲ ಇಳಿದಿತ್ತು. ಅಲ್ಲಿಂದ ಪಾಠ ಕಲಿತು, ಎರಡು ದಿನದಲ್ಲಿ 600 ಮಿಲಿಮೀಟರ್, ಎಂದರೆ 23 ಇಂಚಿನ ಮೇಲೆ, ಬಿದ್ದರೆ ಅಪಾಯ ಎಂಬ ಗೆರೆ ಹಾಕಿಕೊಂಡಿದ್ದರು. 2024ರ ಜುಲೈ 29ರ ಬೆಳಿಗ್ಗೆಯೇ ಮುಂಡಕ್ಕೈ ಕಡೆ ಗುಡ್ಡ ಜರಿಯಬಹುದು ಎಂದು ಜಿಲ್ಲಾಡಳಿತಕ್ಕೆ ತಿಳಿಸಿದರು. ಮರುದಿನ ನಸುಕಿನಲ್ಲಿ ಗುಡ್ಡ ಬಂತು. ಇನ್ನೂರಕ್ಕೂ ಮಿಕ್ಕಿ ಜನ ಹೋದರು. ಹೇಳುವವರಿದ್ದರೂ ಕೇಳಿ ಜನರನ್ನು ಎಬ್ಬಿಸುವ ಕೈ ಬೇಕು ಎಂಬುದು ಇದರ ಇನ್ನೊಂದು ಮುಖ. ಅವರ 600 ಇಲ್ಲಿಗೆ ಹಾಗೇ ಹೊಂದುವುದಿಲ್ಲ. ಕೊಟ್ಟಿಗೆಹಾರದ ಗೆರೆ ಬೇರೆ, ಆಲ್ದೂರಿನ ಗೆರೆ ಬೇರೆ. ಅದನ್ನು ಇಲ್ಲಿಯ ರಿಜಿಸ್ಟರುಗಳಿಂದಲೇ ಎಳೆಯಬೇಕು.

ದೆಹಲಿ, ಕಲ್ಕತ್ತಾಗಳಿಂದ ನೆರವು ಬಂದೇ ಇಲ್ಲ ಎನ್ನುವಂತಿಲ್ಲ. 2024ರ ಜುಲೈನಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣಾಲಯದವರು ಕಲ್ಕತ್ತಾದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ತೆರೆದರು, 'ಭೂಸಂಕೇತ' ಎಂಬ ಜಾಲತಾಣ, 'ಭೂಸ್ಖಲನ' ಎಂಬ ಮೊಬೈಲ್ ಆ್ಯಪ್ ಬಿಟ್ಟರು. ಒಳ್ಳೆಯ ಕೆಲಸ. ಆದರೆ ಆಶ್ಲೇಷಾ ಮಳೆಯಲ್ಲಿ ಸಂಸೆಯಿಂದಾಚೆ ಮೊಬೈಲಿಗೆ ಸಿಗ್ನಲ್ ಹುಡುಕಿದವರಿಗೆ ಅದರ ಮಿತಿ ಗೊತ್ತು. ಮರ ಬಿದ್ದು ಲೈನು ಹೋದರೆ ವಾರಗಟ್ಟಲೆ ಕರೆಂಟಿಲ್ಲ, ಟವರಿನ ಡೀಸೆಲ್ ಮುಗಿದರೆ ಅದೂ ಇಲ್ಲ. ಆ್ಯಪ್ ಕೆಂಪಾಗಿರುತ್ತದೆ, ಫೋನು ಸತ್ತಿರುತ್ತದೆ. ಆ ಹೊತ್ತಿಗೆ ಬೇಕಾದದ್ದು ಪಂಚಾಯಿತಿಯ ಒಂದು ಸೈರನ್, ಇಲ್ಲವೇ ದೇವಸ್ಥಾನದ ಗಂಟೆ, ಮಸೀದಿಯ ಮೈಕು. ಯಾರು ಬಾರಿಸಬೇಕು, ಯಾವ ಅಂಕಿ ಮುಟ್ಟಿದಾಗ ಬಾರಿಸಬೇಕು ಎಂಬ ಒಂದು ಚೀಟಿ.

ಚಾರಣದವರ ವಿಚಾರವೂ ಇದೆ. ಎತ್ತಿನ ಭುಜ, ಬಲ್ಲಾಳರಾಯನ ದುರ್ಗ, ಕುದುರೆಮುಖ, ಶನಿವಾರ ಬಂತೆಂದರೆ ಬೆಂಗಳೂರಿನ ಬೋರ್ಡಿನ ಟೆಂಪೋಗಳು. 2024ರ ಜನವರಿ ಕೊನೆಗೆ ಕುಮಾರ ಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಅರಣ್ಯ ಇಲಾಖೆ ಎಚ್ಚೆತ್ತು, ಆನ್‌ಲೈನ್ ಬುಕಿಂಗ್ ಇಲ್ಲದ ದಾರಿಗಳಲ್ಲಿ ಚಾರಣ ನಿಲ್ಲಿಸಿತು. ಟಿಕೆಟ್ಟು ತಲೆ ಎಣಿಸುತ್ತದೆ. ಗುಡ್ಡ ಎಷ್ಟು ನೆನೆದಿದೆ ಎಂದು ಎಣಿಸುವುದಿಲ್ಲ. ಮಳೆ ಜೋರಾದಾಗ ಚಾರಣ ನಿಷೇಧ ಎಂದು ಆದೇಶ ಹೊರಡುತ್ತದೆ. ಎರಡು ದಿನ ಬಿಸಿಲು ಬಂದರೆ 'ತೆಗೀರಿ ಸಾರ್, ಬುಕಿಂಗ್ ಆಗಿದೆ' ಎಂಬ ಒತ್ತಾಯ ಶುರು. ಹಿಮದ ಅಪಾಯ ಕೆಲವು ದಿನದಲ್ಲಿ ಇಳಿಯುವುದುಂಟು, ಹಾಸು ಗಟ್ಟಿಯಾಗಿ ಕೂರುತ್ತದೆ. ನೆನೆದ ಮಣ್ಣು ಎರಡು ದಿನದ ಬಿಸಿಲಿಗೆ ಗಟ್ಟಿಯಾಗದು, ಬಿರುಕು ಬಿಟ್ಟ ಗುಡ್ಡವಂತೂ ಆ ಮಳೆಗಾಲ ಮುಗಿಯುವ ತನಕ ನಂಬುವಂತಿಲ್ಲ. ಹೋಗಲೇಬೇಕೆನ್ನುವವರು ದಿಬ್ಬದ ನೆತ್ತಿ ಹಿಡಿದು ಹೋಗಲಿ, ಹಳ್ಳದ ಕೊರಕಲಲ್ಲಿ ಟೆಂಟು ಹಾಕಬೇಡಿ. ನೀರು ಹತ್ತಿರ ಎಂದು ಎಲ್ಲರೂ ಹಾಕುವುದು ಅಲ್ಲೇ.

ಚಾರಣದವನು ಭಾನುವಾರ ಸಂಜೆ ಊರಿಗೆ ಹೋಗುತ್ತಾನೆ. ಗುಡ್ಡದ ಬುಡದಲ್ಲಿ ಮೂರೆಕರೆ ಕಾಫಿ, ಹತ್ತು ಗುಂಟೆ ಗದ್ದೆ ಇಟ್ಟುಕೊಂಡವನು ಎಲ್ಲಿಗೆ ಹೋಗಬೇಕು? 2019ರಲ್ಲಿ ಮನೆ ಕಳೆದುಕೊಂಡವರ ಪುನರ್ವಸತಿ ಕಡತ ಮೂರ್ನಾಲ್ಕು ಮಳೆಗಾಲ ಕಂಡಿತು. ಜಾಗ ಗುರುತಿಸಿದರೆ ಅರಣ್ಯದ ತಕರಾರು, ಅರಣ್ಯದ್ದಲ್ಲ ಎಂದರೆ ಡೀಮ್ಡ್ ಫಾರೆಸ್ಟ್. ಮನೆಗೆ ನಿವೇಶನ ಸಿಕ್ಕರೂ ತೋಟ ಇರುವುದು ಹಳೆ ಜಾಗದಲ್ಲೇ. ಹೆದರಿಕೆ ಇಟ್ಟುಕೊಂಡೇ ಹಗಲು ಅಲ್ಲಿ ದುಡಿದು ರಾತ್ರಿ ನೆಂಟರ ಮನೆಯಲ್ಲಿ ಮಲಗಿದವರುಂಟು. ಅಂಥವನಿಗೆ 'ಮನೆ ಖಾಲಿ ಮಾಡಿ' ಎಂದು ಜೂನ್‌ನಲ್ಲಿ ನೋಟಿಸು ಅಂಟಿಸಿದರೆ ಅವನು ಹರಿದು ಒಲೆಗೆ ಹಾಕುತ್ತಾನೆ. 'ಇವತ್ತು ರಾತ್ರಿ, ನಾಳೆ ರಾತ್ರಿ ಶಾಲೆಯಲ್ಲಿ ಮಲಗಿ, ನಿಮ್ಮ ಗುಡ್ಡಕ್ಕೆ ಇಷ್ಟು ಇಂಚು ಆಗಿದೆ' ಎಂದರೆ ದನಕ್ಕೆ ಹುಲ್ಲು ಹಾಕಿ ಬರುತ್ತಾನೆ. ಎರಡು ರಾತ್ರಿ ಬಂದು ಏನೂ ಆಗದೆ ಹೋದರೆ ಗೊಣಗುತ್ತಾನೆ, ಗೊಣಗಲಿ. ದಾವೋಸಿನ ಕಡೆಯ ಹಳ್ಳಿಗಳಲ್ಲೂ ಗೊಣಗುತ್ತಲೇ ಮನೆ ಬಿಡುತ್ತಾರೆ.

ಪುಷ್ಯ ಮಳೆ ಹುಟ್ಟುವುದು ಜುಲೈ 20ರ ಸುಮಾರಿಗೆ. ಜೆಸಿಬಿಗಳ ಹಂಗಾಮು ಡಿಸೆಂಬರಿನಿಂದ ಮೇ ತನಕ. ಧರೆ ಕಡಿಯುವ ಮುನ್ನ ಎಷ್ಟು ಎತ್ತರ, ಎಷ್ಟು ಇಳಿಜಾರು, ನೀರು ಹೋಗಲು ದಾರಿ ಎಲ್ಲಿ ಎಂದು ಪಂಚಾಯಿತಿ ಕೇಳಬೇಕಾದದ್ದು ಆ ಆರು ತಿಂಗಳಲ್ಲಿ. ಎಸ್ಟೇಟುಗಳ ರಿಜಿಸ್ಟರು ತರಿಸಿಕೊಂಡು ತಾಳೆ ಹಾಕಬೇಕಾದದ್ದೂ ಆಗಲೇ, ಕಾಫಿ ಕುಯ್ಲು ಮುಗಿದು ರೈಟರುಗಳಿಗೆ ಸ್ವಲ್ಪ ಬಿಡುವಿರುವಾಗ. ಜಿಲ್ಲಾ ವಿಪತ್ತು ನಿರ್ವಹಣೆಯ ಸಭೆಗಳು ಸಾಧಾರಣವಾಗಿ ಜೋರಾಗುವುದು ಮೊದಲ ಧರೆ ಬಿದ್ದ ಮೇಲೆ.